ಚೀಟಿಯಿಂದ ಮಗುವಿನ ತೊಡೆಯವರೆಗೆ

ಮಕ್ಕಳ ಸಂಧಿವಾತಕ್ಕೆ ಕೊಡುವ ಟೊಸಿಲಿಜುಮ್ಯಾಬ್ ಎಂಬ ಬಯೋಲಾಜಿಕ್ (ಜೀವಕೋಶಗಳಲ್ಲಿ ತಯಾರಿಸುವ) ಔಷಧಿಯಲ್ಲಿ ವಿಚಿತ್ರವೆನಿಸುವ ಲೆಕ್ಕವೊಂದಿದೆ. ಹಲವು ಕೀಲುಗಳನ್ನು ಹಿಡಿಯುವ ಬಗೆಯ ಸಂಧಿವಾತದಲ್ಲಿ, ಮಗುವಿನ ತೂಕ 30 ಕಿಲೋಗಿಂತ ಕಡಿಮೆಯಿದ್ದರೆ ಕಿಲೋಗೆ 10 ಮಿಲಿಗ್ರಾಂ, 30 ಮುಟ್ಟಿದರೆ ಕಿಲೋಗೆ 8 ಮಿಲಿಗ್ರಾಂನಂತೆ ನಾಲ್ಕು ವಾರಕ್ಕೊಮ್ಮೆ ಡ್ರಿಪ್ ಹಾಕುತ್ತಾರೆ. ಅಂದರೆ 29 ಕಿಲೋ ಇದ್ದಾಗ 290 ಮಿಲಿಗ್ರಾಂ ಪಡೆಯುತ್ತಿದ್ದ ಮಗು, ಒಂದು ಕಿಲೋ ಹೆಚ್ಚಾದೊಡನೆ 240ಕ್ಕೆ ಇಳಿಯುತ್ತದೆ. ಸ್ವೆಟರ್ ತೊಟ್ಟು ತೂಕದ ಯಂತ್ರ ಹತ್ತಿದ ದಿನವೂ ಮಗು ಈ ಗೆರೆ ದಾಟಬಹುದಾದ್ದರಿಂದ, ಒಂದೇ ಭೇಟಿಯ ತೂಕವನ್ನಷ್ಟೇ ನೋಡಿ ಪ್ರಮಾಣ ಬದಲಿಸಬಾರದೆಂದು ಔಷಧಿಯ ಮಾಹಿತಿ ಪತ್ರವೇ ಹೇಳುತ್ತದೆ. ಕಿಕ್ಕಿರಿದ ಓಪಿಡಿಯಲ್ಲಿ ಹಿಂದಿನ ಮೂರು ಭೇಟಿಗಳ ತೂಕವನ್ನು ತೆಗೆದು ನೋಡುವವರು ಯಾರು? ಅದು ಕ್ಲಿನಿಕಲ್ ಫಾರ್ಮಸಿಸ್ಟರ ಕೆಲಸ ಎಂಬುದು, ಅದೇ ವಿದ್ಯೆ ಕಲಿತ ನನ್ನ ವಾದ.

ನಮ್ಮಲ್ಲಿ ಫಾರ್ಮಸಿಸ್ಟ್ ಎಂದರೆ ಮೆಡಿಕಲ್ ಶಾಪಿನವರು ಎಂದೇ ಜನರ ತಿಳಿವಳಿಕೆ. ವಾರ್ಡಿನಲ್ಲಿ ರೋಗಿಯ ಪಕ್ಕ ನಿಂತು ಔಷಧಿಯನ್ನು ಪರಿಶೀಲಿಸುವ ಈ ವಿದ್ಯೆಗೆ ದೇಶದಲ್ಲಿ ಮೊದಲು ನೆಲೆ ಒದಗಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ಕೂಡ ಬಂತು. ಆದರೂ ಹೀಗೆ ಓದಿದವರಲ್ಲಿ ಎಷ್ಟೋ ಮಂದಿ ಸ್ಟಾಕ್ ಲೆಕ್ಕ ಬರೆಯುತ್ತ ಕುಳಿತಿದ್ದಾರೆ.

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಮಗನ ಸಂಧಿವಾತಕ್ಕೆ ಕೊಟ್ಟಿದ್ದ ಅಡಾಲಿಮುಮ್ಯಾಬ್ ಎಂಬ ಇನ್ನೊಂದು ಬಯೋಲಾಜಿಕ್‌ನ ಸಿರಿಂಜುಗಳನ್ನು ಫ್ರಿಜ್ಜಿನ ಐಸ್ ಖಾನೆಯಲ್ಲಿ ಇಟ್ಟಿದ್ದರು. ‘ತಣ್ಣಗಿಡಿ ಅಂದಿದ್ರು ಮೇಡಂ, ನಮ್ಮೂರಲ್ಲಿ ಕರೆಂಟ್ ಆಗಾಗ ಹೋಗುತ್ತೆ, ಅದಕ್ಕೆ ಅಲ್ಲಿಟ್ಟೆ’ ಎಂದರು. ಅವರ ತರ್ಕದಲ್ಲಿ ತಪ್ಪೇನಿರಲಿಲ್ಲ. ಹೇಳಿದವರು ಮಾತನ್ನು ಅರ್ಧಕ್ಕೇ ಮುಗಿಸಿದ್ದರು. ಈ ಔಷಧಿ ಪ್ರೋಟೀನು. 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ, ನೋಡಲು ಮಾತ್ರ ಮೊದಲಿನಂತೆಯೇ ತಿಳಿಯಾಗಿ ಕಾಣಬಹುದು. ಮಗುವಿನ ಮಂಡಿ ಮತ್ತೆ ಊದಿಕೊಂಡು ಬಂದಿದ್ದರೆ ಔಷಧಿ ಕೆಲಸ ಮಾಡುತ್ತಿಲ್ಲವೆಂದು ಇನ್ನೂ ದುಬಾರಿಯ ಮತ್ತೊಂದಕ್ಕೆ ಬದಲಾಯಿಸುತ್ತಿದ್ದರೇ ಹೊರತು, ಫ್ರಿಜ್ಜಿನ ಬಗ್ಗೆ ಯಾರೂ ಕೇಳುತ್ತಿರಲಿಲ್ಲವೇನೋ.

ಚಿಕಿತ್ಸೆ ಆರಂಭವಾಗುವ ಮೊದಲು ಕ್ಷಯದ ಪರೀಕ್ಷೆ ಆಗಿದೆಯೇ, ಲಸಿಕೆಗಳು ಎಲ್ಲಿಗೆ ಬಂದಿವೆ ಎಂಬುದನ್ನು ವೈದ್ಯರು ನೋಡಿಯೇ ನೋಡುತ್ತಾರೆ. ಆದರೆ ಪಲ್ಸ್ ಪೋಲಿಯೋ ಭಾನುವಾರ? ಬಾಯಿಗೆ ಹಾಕುವ ಹನಿ ಜೀವಂತ ಲಸಿಕೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಈ ಔಷಧಿಗಳ ಮೇಲಿರುವ ಮಗುವಿಗೆ ಸಲ್ಲದು. ಬೂತಿನಲ್ಲಿ ಅದನ್ನು ಹೇಳಬೇಕಾದವರು ತಂದೆತಾಯಿ. ಅವರಿಗೆ ಮೊದಲೇ ತಿಳಿಸುವವರು ಒಬ್ಬರು ಬೇಕು.

ಮೂಲ ಬಯೋಲಾಜಿಕ್ ಅನ್ನೇ ಹೋಲುವಂತೆ ಬೇರೆ ಕಂಪನಿಗಳು ತಯಾರಿಸುವ ಬಯೋಸಿಮಿಲರ್‌ಗಳು ಬಂದ ಮೇಲೆ ಬೆಲೆ ಇಳಿದಿದೆ, ಒಳ್ಳೆಯದೇ. ಆದರೆ ಯಾವ ಬ್ರ್ಯಾಂಡ್, ಯಾವ ಬ್ಯಾಚ್ ಎಂದು ಪ್ರತಿ ಸಲವೂ ಬರೆದಿಡದಿದ್ದರೆ, ಅಡ್ಡಪರಿಣಾಮ ಕಾಣಿಸಿದ ದಿನ ಹುಡುಕಲು ಸುಳಿವೇ ಇರುವುದಿಲ್ಲ.

ಫಾರ್ಮಸಿಸ್ಟರು ಇವನ್ನೆಲ್ಲ ಪರಿಶೀಲಿಸುವುದನ್ನು ತಮ್ಮ ನಿರ್ಧಾರದಲ್ಲಿ ತಲೆಹಾಕುವಿಕೆ ಎಂದು ಕೆಲವು ವೈದ್ಯರು ಮುನಿಸಿಕೊಳ್ಳುತ್ತಾರೆ. ಅದಕ್ಕೆ ನಮ್ಮವರೂ ಸ್ವಲ್ಪ ಕಾರಣ: ರೌಂಡ್ಸ್‌ಗೆ ಔಷಧಿಗಳ ಪರಸ್ಪರ ಪರಿಣಾಮದ ಪ್ರಿಂಟೌಟ್ ಹಿಡಿದು ಬರುವ ಉತ್ಸಾಹ, ತಾಯಿಯ ಬಳಿ ಕುಳಿತು ಅವರ ಕನ್ನಡದಲ್ಲಿ ಮಾತಾಡುವಾಗ ಇರುವುದಿಲ್ಲ. ಯಾವ ಔಷಧಿ ಎಂಬುದು ವೈದ್ಯರ ನಿರ್ಧಾರವೇ ಆಗಿರಲಿ. ನಾನು ಕೇಳುತ್ತಿರುವುದು, ಮಕ್ಕಳಿಗೆ ಡ್ರಿಪ್ ಹಾಕುವ ದಿನ ಡೇ ಕೇರ್ ವಾರ್ಡಿನಲ್ಲಿ ಒಂದು ಕುರ್ಚಿ ಮತ್ತು ತೂಕದ ಹಳೆಯ ದಾಖಲೆಗಳನ್ನು ತೆರೆದು ನೋಡುವ ಅನುಮತಿ.