ರಾಯಕೋಟೆಗೆ ಭಾನುವಾರದ ಮುತ್ತಿಗೆ

ತಮಿಳುನಾಡಿನ ಹೊಸೂರು ಕಡೆಯ ರಾಯಕೋಟೆ ಬೆಟ್ಟದ ಕೋಟೆಯನ್ನು ಮೇಜರ್ ಗೌಡಿ ಎಂಬ ಇಂಗ್ಲಿಷ್ ಅಧಿಕಾರಿ 1791ರ ಜುಲೈನಲ್ಲಿ ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡ. ಮಾರನೆಯ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ರಾಯಕೋಟೆ ಸೇರಿದ್ದ ಬಾರಾಮಹಲ್ ಸೀಮೆಯೇ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಅಲ್ಲಿಗೆ ರಾಯಕೋಟೆಯ ಕಾಳಗ ಮುಗಿಯಿತು ಎಂದು ಇತಿಹಾಸಕಾರರು ಪುಟ ಮಗುಚುತ್ತಾರೆ. ಹೊಸೂರು ಬಸ್‌ಸ್ಟ್ಯಾಂಡಿನಿಂದ ಭಾನುವಾರ ದಂಡೆತ್ತಿ ಹೊರಡುವ ಗೆಳೆಯರ ಗುಂಪನ್ನು ಅವರು ನೋಡಿಲ್ಲ ಅಷ್ಟೆ.

ಬೆಟ್ಟದ ಕೋಟೆ ಕಟ್ಟಿದವರು ಹತ್ತಿ ಬರುವವರ ಅನುಕೂಲ ನೋಡಿಕೊಂಡು ಕಟ್ಟಲಿಲ್ಲ. ಏರು ಕಡಿದಾಗಿರಬೇಕು, ದಾರಿ ಸೊಟ್ಟಗಿರಬೇಕು, ಹತ್ತಿದವನು ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿರಬೇಕು. ಕಾವಲಿನವರು ಹೋಗಿ ಎಷ್ಟೋ ಕಾಲವಾದರೂ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತಿದೆ.

ಮೊದಲ ಸೋಲು ಹೊಸೂರಿನಲ್ಲೇ ಆಗುತ್ತದೆ. ಐದು ಗಂಟೆಗೆ ಸೇರುವುದೆಂದು ವಾಟ್ಸಾಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿರುತ್ತಾರೆ. ಎದ್ದಿರುವುದು ಹೆಬ್ಬೆರಳು ಮಾತ್ರ. ಹೊಸೂರಿನಿಂದ ರಾಯಕೋಟೆ 30 ಕಿಲೋಮೀಟರ್ ಆಸುಪಾಸು. ಆರಕ್ಕೆ ಬಸ್ ಹತ್ತಿದರೆ ಬಂಡೆ ಇನ್ನೂ ತಣ್ಣಗಿರುವಾಗಲೇ ಬುಡ ಸೇರಬಹುದು. ಟೀ, ಬೋಂಡ, ಮತ್ತೊಂದು ಟೀ ಅಂತ ಒಂಬತ್ತು ಮಾಡಿಕೊಂಡರೆ ಬೆಟ್ಟ ಕಾಯಲು ಶುರುವಾಗಿರುತ್ತದೆ. ಇದು ಬೋಳು ಕರಿಬಂಡೆಯ ಸೀಮೆ. ಬಿಸಿಲು ಮೇಲಿನಿಂದ ಒಂದು ಸಲ ಸುಡುತ್ತದೆ, ಕಲ್ಲು ಕೆಳಗಿನಿಂದ ಇನ್ನೊಂದು ಸಲ.

ಎರಡನೆಯ ಸೋಲು ಶೂ. ಸದಾ ಹಾಕುವ ಸವೆದ ಶೂ ಅಷ್ಟಾಗಿ ಕೈಕೊಡುವುದಿಲ್ಲ. ದ್ರೋಹ ಮಾಡುವುದು ಟ್ರೆಕ್ಕಿಂಗ್‌ಗೆಂದೇ ಕೊಂಡು, ನಾಲ್ಕೈದು ವರ್ಷ ಡಬ್ಬದಲ್ಲಿ ಜೋಪಾನವಾಗಿಟ್ಟ ದುಬಾರಿ ಶೂ. ಇಂಥ ಎಷ್ಟೋ ಶೂಗಳ ಮೆತ್ತನೆ ಅಟ್ಟೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನದು. ಗಾಳಿಯ ತೇವಕ್ಕೆ ಅದು ಕೂತಲ್ಲೇ ಒಳಗೊಳಗೆ ಪುಡಿಯಾಗುತ್ತಾ ಬರುತ್ತದೆ. ಹೊರಗಿನಿಂದ ಹೊಸದು, ಅರ್ಧ ಬೆಟ್ಟದಲ್ಲಿ ಅಟ್ಟೆ ಬೇರೆ, ಮೇಲ್ಭಾಗ ಬೇರೆ. ಹೊರಡುವ ಹಿಂದಿನ ವಾರ ಹಾಕಿಕೊಂಡು ಎರಡು ದಿನ ಓಡಾಡಿ, ಬಾಗುವ ಜಾಗ ಹೆಬ್ಬೆರಳಲ್ಲಿ ಒತ್ತಿ ನೋಡಿ. ಬಿರುಕು ಕಂಡರೆ ಮನೆಯಲ್ಲೇ ಬಿಡಿ. ಆದರೂ ಬ್ಯಾಗಿನಲ್ಲಿ ಒಂದು ಜೊತೆ ಲೇಸು, ಒಂದು ಸುತ್ತು ಅಗಲದ ಟೇಪು ಇರಲಿ. ಬಾಯಿಬಿಟ್ಟ ಶೂಗೆ ಅಡ್ಡಡ್ಡ ಬಿಗಿದು ಸುತ್ತಿದರೆ ಇಳಿಯುವವರೆಗೆ ಬರುತ್ತದೆ. ನೋಡುವವರು ನಗುತ್ತಾರೆ, ನಗಲಿ.

ನೀರು ತಲೆಗೆ 2 ಲೀಟರ್. ಓಆರ್‌ಎಸ್ (ನೀರಿಗೆ ಕಲಸುವ ಉಪ್ಪು-ಸಕ್ಕರೆ ಪುಡಿ) ಒಯ್ಯುವವರು ದೊಡ್ಡ ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಅರ್ಧ ಬಾಟಲಿಗೆ ಸುರಿದು ‘ಸ್ಟ್ರಾಂಗ್ ಇರ್ಲಿ ಮಚ್ಚಾ’ ಅನ್ನುವ ಮಹಾಶಯ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಗಟ್ಟಿಯಾದಷ್ಟೂ ದಾಹ ಹೆಚ್ಚುತ್ತದೆ, ಹೊಟ್ಟೆಯೂ ಕೆಡಬಹುದು.

ಇನ್ನು ನಡಿಗೆ. ನನ್ನ ಪ್ರಕಾರ ಸ್ನೇಹಗಳು ಹಳಸುವುದು ಇಲ್ಲೇ. ಜಿಮ್ಮಿಗೆ ಹೋಗುವವನು ಮುಂದೆ ಓಡಿ, ನೆರಳಿನಲ್ಲಿ ಹತ್ತು ನಿಮಿಷ ಕಾಲು ಚಾಚಿ ಕೂರುತ್ತಾನೆ. ಹಿಂದಿನವನು ಬೆವರು ಒರೆಸಿಕೊಂಡು ಅಲ್ಲಿಗೆ ಬಂದು ನಿಲ್ಲುವುದಕ್ಕೂ ಇವನು ‘ಬಂದ್ಯಾ? ನಡಿ ಮತ್ತೆ’ ಎಂದು ಏಳುವುದಕ್ಕೂ ಸರಿಯಾಗುತ್ತದೆ. ವಿಶ್ರಾಂತಿ ಬೇಡದವನಿಗೆ ನಾಲ್ಕು ಸಲ, ಬೇಕಾದವನಿಗೆ ಒಂದು ಸಲವೂ ಇಲ್ಲ. ಮದ್ದು ಒಂದೇ, ಎಲ್ಲರಿಗಿಂತ ನಿಧಾನದವನನ್ನು ಮುಂದೆ ಬಿಡಿ. ನೀರಿನ ಭಾರವನ್ನು ಜಿಮ್ಮಿನವನ ಬೆನ್ನಿಗೆ ಹಾಕಿ.

ಊಟಕ್ಕೆ ಪುಳಿಯೋಗರೆಯೇ ಸರಿ. ಹುಣಸೆಹುಳಿ, ಎಣ್ಣೆ ಎರಡೂ ಅದನ್ನು ಸಂಜೆವರೆಗೆ ಕಾಯುತ್ತವೆ. ಕಾಯಿತುರಿ ಹಾಕಿದ ಚಿತ್ರಾನ್ನ ಮಧ್ಯಾಹ್ನಕ್ಕೇ ಮುಖ ತಿರುಗಿಸುತ್ತದೆ. ಮೊಸರನ್ನವೇ ಬೇಕೆಂದರೆ ಆರಿದ ಅನ್ನಕ್ಕೆ ಹಾಲು ಹೆಚ್ಚಾಗಿ ಹಾಕಿ ಒಂದೆರಡು ಚಮಚ ಮೊಸರು ಬೆರೆಸಿ, ತಿನ್ನುವ ಹೊತ್ತಿಗೆ ಹದವಾಗಿರುತ್ತದೆ. ಕ್ಲಿಪ್ ಇರುವ ಸ್ಟೀಲ್ ಡಬ್ಬದಲ್ಲಿ ಹಾಕಿ ಬ್ಯಾಗಿನೊಳಗಿಡಿ. ಕೈಯಲ್ಲಿ ತೂಗಾಡುವ ಪ್ಲಾಸ್ಟಿಕ್ ಕವರ್ ಮಂಗಗಳಿಗೆ ಬರೆದ ಆಮಂತ್ರಣ ಪತ್ರ. ಕಿತ್ತುಕೊಂಡ ಮೇಲೆ ಎಳೆದಾಡಬೇಡಿ. ಪುಳಿಯೋಗರೆ ನಾಳೆಯೂ ಮಾಡಿಕೊಳ್ಳಬಹುದು, ಕಚ್ಚಿಸಿಕೊಂಡರೆ ರೇಬಿಸ್ ಸೂಜಿಗೆ ಅಲೆಯಬೇಕು.

ಸೆಂಟು ಪೂಸಿಕೊಂಡು ಬರುವ ಮದುಮಗನಿಗೆ ಬೇರೆ ಪಾಠವಿದೆ. ಇಂಥ ಬಂಡೆಗಳ ಚಾಚಿನಡಿ ಹೆಜ್ಜೇನು ಕಟ್ಟುತ್ತದೆ. ಗಾಢ ವಾಸನೆ, ಹೊಗೆ, ಸ್ಪೀಕರಿನ ಗದ್ದಲ ಯಾವುದೂ ಅವಕ್ಕೆ ಸೇರುವುದಿಲ್ಲ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು, ಕಾಲು ಜಾರದ ಹಾಗೆ ದೂರ ಓಡುವುದೊಂದೇ ದಾರಿ. ಕೊಳದಲ್ಲಿ ಮುಳುಗಿದರೆ ತಲೆ ಎತ್ತುವವರೆಗೂ ಅವು ಕಾಯುತ್ತವೆ.

ಮೇಲೆ ಹೋದ ಮೇಲೆ ಇಟ್ಟಿಗೆ ಗೋಡೆ ಕಂಡ ಕೂಡಲೇ ಒಬ್ಬನಿಗೆ ಪ್ರೇಯಸಿಯ ಹೆಸರು ನೆನಪಾಗುತ್ತದೆ. ಇದು ಕೇಂದ್ರ ಪುರಾತತ್ವ ಇಲಾಖೆ ಕಾಪಾಡುವ ಸ್ಮಾರಕ. ಕೆತ್ತಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಬೀಳಬಹುದು. ಆ ಒಂದು ಲಕ್ಷ ಮದುವೆ ಛತ್ರಕ್ಕಾದೀತು.

ಇಳಿಯುವುದು ಸುಲಭವೆಂದುಕೊಂಡವರನ್ನು ಕೋಟೆ ಕೊನೆಗೆ ವಿಚಾರಿಸಿಕೊಳ್ಳುತ್ತದೆ. ಬಂಡೆಯ ಮೇಲೆ ಉದುರಿದ ಕಲ್ಲುಪುಡಿ ಕಾಲಡಿ ಉರುಳುತ್ತದೆ. ಪಾದ ಅಡ್ಡಡ್ಡ ಇಟ್ಟು, ಮಂಡಿ ಸ್ವಲ್ಪ ಬಾಗಿಸಿ, ಚಿಕ್ಕ ಹೆಜ್ಜೆ ಹಾಕಬೇಕು. ಉಗುರು ಹಿಂದಿನ ರಾತ್ರಿಯೇ ಕತ್ತರಿಸಿ, ಇಳಿಯುವ ಮುನ್ನ ಕಣಕಾಲಿನ ಬಳಿ ಲೇಸು ಬಿಗಿ ಮಾಡಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ತೊಡೆ ನೋವೂ ಹತ್ತಿದ್ದಕ್ಕಿಂತ ಇಳಿದಿದ್ದರಿಂದಲೇ ಹೆಚ್ಚು, ಭಾರ ತಡೆಯುತ್ತಾ ಸ್ನಾಯು ಎಳೆದುಕೊಂಡಿರುತ್ತದೆ. ಅದು ತಕ್ಷಣ ಬರುವುದಿಲ್ಲ, ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಹಾಗಾಗಿ ರಜೆ ಕೇಳುವವರು ಸೋಮವಾರಕ್ಕೆ ಹಾಳು ಮಾಡಿಕೊಳ್ಳದೆ ಮಂಗಳವಾರಕ್ಕೆ ಕೇಳಿ.