ಕಳೆದದ್ದೋ, ಕದ್ದದ್ದೋ, ಕೊಂಡದ್ದೋ

ಪೊಲೀಸರ ಆ ಫೋಟೊ ನೀವೂ ನೋಡಿರ್ತೀರಿ. ಉದ್ದನೆ ಟೇಬಲ್ಲು, ಮೇಲೊಂದು ಬಿಳಿ ಬಟ್ಟೆ, ಅದರ ಮೇಲೆ ಹಪ್ಪಳ ಒಣಗಿಸಿದ ಹಾಗೆ ಸಾಲು ಸಾಲು ಫೋನು. ಹಿಂದೆ ಅಧಿಕಾರಿಗಳು. ವಾರಸುದಾರರು ಬಂದು ಫೋನು ಇಸ್ಕೊಂಡು ನಗುತ್ತಾರೆ. ಪ್ರತಿ ಸಲ ಆ ಫೋಟೊ ನೋಡಿ ನಾನೂ ಖುಷಿಪಡುತ್ತಿದ್ದೆ. ಈ ಸಲ ದೊಡ್ಡದು ಮಾಡಿ ನೋಡಿದೆ. ಎರಡನೇ ಸಾಲಲ್ಲಿ, ನೀಲಿ ಕವರಿನಲ್ಲಿ, ನನ್ನ ಫೋನಿತ್ತು.

ನನ್ನದು ಅನ್ನುವ ಹಾಗಿಲ್ಲ. ಕವರು ಮಾತ್ರ ನನ್ನದು. 300 ರೂಪಾಯಿ.

ಅದನ್ನು ಬೆಂಗಳೂರಿನ ಒಂದು ಅಂಗಡಿಯಲ್ಲಿ 11,500ಕ್ಕೆ ಕೊಂಡಿದ್ದೆ. ಸೆಕೆಂಡ್ ಹ್ಯಾಂಡ್ ಅಲ್ವಾ ಅಂದಿದ್ದಕ್ಕೆ ಅಂಗಡಿ ಹುಡುಗನಿಗೆ ಬೇಜಾರಾಯಿತು. 'ಸೆಕೆಂಡ್ ಹ್ಯಾಂಡ್ ಅಲ್ಲ ಸರ್, ರಿಫರ್ಬಿಶ್ಡ್' ಅಂದ. ಈ ಪದಕ್ಕೆ ಕನ್ನಡದಲ್ಲಿ ಏನನ್ನಬಹುದು ಅಂತ ಮನೆ ತಲುಪುವವರೆಗೂ ಯೋಚಿಸಿದೆ. ಜೀರ್ಣೋದ್ಧಾರ ಅನ್ನಬಹುದು. ಆದರೆ ದೇವಸ್ಥಾನದ ಜೀರ್ಣೋದ್ಧಾರ ಮಾಡಿದವರು ಅದು ಯಾವ ದೇವರದು ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ.

ಕಲಾಯಿ ಅಂದರೆ ಇನ್ನೂ ಹತ್ತಿರ. ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಕಲಾಯಿ ಸಾಬರು ಬರುತ್ತಿದ್ದರು. ಮರದಡಿ ಗುಂಡಿ ತೋಡಿ, ತಿದಿ ಒತ್ತಿ, ಕಪ್ಪಾದ ಹಿತ್ತಾಳೆ ಪಾತ್ರೆಯೊಳಗೆ ಬೆಳ್ಳಿಯಂಥ ಹೊಳಪು ತರುತ್ತಿದ್ದರು. ನಾವು ಕೊಟ್ಟ ಪಾತ್ರೆ ನಮಗೇ ವಾಪಸ್ ಬರುತ್ತಿತ್ತು. ಒಂದು ಸಲವೂ ಅದಲುಬದಲಾಗಲಿಲ್ಲ. ಯಾಕೆಂದರೆ ಅಮ್ಮ ಒಂದು ಲೋಟವನ್ನೂ ಹೆಸರು ಕೆತ್ತಿಸದೆ ಮನೆಯೊಳಗೆ ತಂದವಳಲ್ಲ. ಪಾತ್ರೆ ಅಂಗಡಿಯವನು ಗುರ್ರ್ ಅನ್ನುವ ಮಿಷನ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಅಪ್ಪನ ಹೆಸರು ಹೊಡೆದುಕೊಡುತ್ತಿದ್ದ. ಪಾಯಸ ತುಂಬಿಕೊಂಡು ಪಕ್ಕದ ಮನೆಗೆ ಹೋದ ಡಬ್ಬಿ ಆರು ತಿಂಗಳ ಮೇಲೆ ಅವರ ಸೀಮಂತದಲ್ಲಿ ಸಿಕ್ಕರೂ ಅಮ್ಮ ಅದನ್ನು ತಿರುಗಿಸಿ ತಳ ನೋಡುತ್ತಿದ್ದಳು. ಆಮೇಲೆ ಪಕ್ಕದ ಮನೆಯವರ ಮುಖ ನೋಡುತ್ತಿದ್ದಳು. ದೂರಿಲ್ಲ, ಠಾಣೆಯಿಲ್ಲ. ಡಬ್ಬಿ ವಾಪಸ್.

ಫೋನಿಗೂ ಹಾಗೆ ಹೆಸರು ಹೊಡೆದಿರುತ್ತಾರೆ. 15 ಅಂಕಿಯ ಐಎಂಇಐ. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಕಾಣುತ್ತದೆ. ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಫೋನಿನ ಜಾತಕ ಬರುತ್ತದೆ. ನಾನು ಜಾಣ ಗ್ರಾಹಕ. ಅಂಗಡಿಯಲ್ಲೇ ನಿಂತು ಕಳಿಸಿದೆ. ದೋಷವಿಲ್ಲ ಅಂತ ಉತ್ತರ ಬಂತು. ಹುಡುಗ ಬೇರೆ 32 ಅಂಶಗಳ ತಪಾಸಣೆಯ ಪಟ್ಟಿ ತೋರಿಸಿದ. ಸ್ಪೀಕರ್ ಸರಿ, ಮೈಕ್ ಸರಿ, ಟಾರ್ಚ್ ಸರಿ. ಯಾರದು ಅನ್ನುವುದೊಂದು ಪಟ್ಟಿಯಲ್ಲಿರಲಿಲ್ಲ.

ಬಿಲ್ ಕೇಳಿದೆ. 'ಬಿಲ್ ಬೇಕಾದ್ರೆ ಜಿಎಸ್‌ಟಿ 18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸರ್' ಅಂದ. ನನ್ನೊಳಗಿನ ಜಾಣ ಗ್ರಾಹಕ ಅಲ್ಲಿಗೆ ಸತ್ತ. ಎಸ್ಟಿಮೇಟ್ ಅಂತ ಅಚ್ಚಾದ ಅಂಗೈಯಗಲದ ಚೀಟಿಯಲ್ಲಿ 'ಫೋನ್ 1, ಓಕೆ' ಅಂತ ಗೀಚಿಕೊಟ್ಟ. ದುಡ್ಡು ಬಂದಿದೆ ಅಂತ ಕೌಂಟರಿನ ಡಬ್ಬ ಅಚ್ಚ ಕನ್ನಡದಲ್ಲಿ ಕೂಗಿತು. ಇಡೀ ವ್ಯವಹಾರಕ್ಕೆ ಸಾಕ್ಷಿ ಅಂತ ಇದ್ದದ್ದು ಆ ಡಬ್ಬದ ಹೆಂಗಸೊಬ್ಬಳೇ.

ಒಂದೂವರೆ ತಿಂಗಳಾದ ಮೇಲೆ ನೆಟ್‌ವರ್ಕ್ ಹೋಯಿತು. ಸಿಮ್ ತೆಗೆದು ಅಂಗಿಗೆ ಉಜ್ಜಿ ಹಾಕಿದೆ. ಊಹೂಂ. ಹಳೇ ಕೀಪ್ಯಾಡ್ ಫೋನಿಗೆ ಹಾಕಿದೆ, ಬಂತು. ಅವತ್ತೇ ಸಂಜೆ ಬೇರೆ ಜಿಲ್ಲೆಯ ಠಾಣೆಯಿಂದ ಕರೆ. 'ನಿಮ್ಮ ಹತ್ರ ಇರೋದು ಕಳುವಿನ ಮಾಲು. ತಂದು ಕೊಡಿ, ಇಲ್ಲಾಂದ್ರೆ ಕೊರಿಯರ್ ಮಾಡಿ.'

'ಕೊರಿಯರ್ ಚಾರ್ಜು?'

'ನಿಮ್ದೇ. ಬಬಲ್ ಶೀಟ್ ಸುತ್ತಿ ಕಳ್ಸಿ. ಡಿಸ್ಪ್ಲೇ ಒಡೆದ್ರೆ ನೀವೇ ಜವಾಬ್ದಾರಿ.'

ದೂರು ಬಂದ ಫೋನನ್ನು ಬ್ಲಾಕ್ ಮಾಡಿ ಹುಡುಕುವ ಈ ಸರ್ಕಾರಿ ವ್ಯವಸ್ಥೆಗೆ ಸಿಇಐಆರ್ ಅಂತ ಹೆಸರು. 2023ರ ಮೇ ತಿಂಗಳಿಂದ ದೇಶಕ್ಕೆಲ್ಲ ಇದೆ. ಕಳೆದ ಫೋನಿಗೆ ಯಾರಾದರೂ ಹೊಸ ಸಿಮ್ ಹಾಕಿದರೆ ಆ ನಂಬರು ಪೊಲೀಸರಿಗೆ ಹೋಗುತ್ತದೆ. ಅದ್ಭುತ, ಸುಮ್ನೆ ಹೇಳ್ತಿಲ್ಲ. ಕಳ್ಳನಿಗೆ ಸಿಮ್ ಹಾಕುವ ದರ್ದಿಲ್ಲ, ಅವನು ಮಾರುತ್ತಾನೆ. ದಲ್ಲಾಳಿಯೂ ಹಾಕುವುದಿಲ್ಲ. ಅಂಗಡಿಯವನು ಟಾರ್ಚ್ ಮಾತ್ರ ನೋಡುತ್ತಾನೆ. ಸಿಮ್ ಹಾಕುವವನು ದುಡ್ಡು ಕೊಟ್ಟವನೊಬ್ಬನೇ. ಹಾಗಾಗಿ ಸರಪಳಿಯಲ್ಲಿ ಕದಿಯದೇ ಇದ್ದವನನ್ನು ಮಾತ್ರ ಈ ಯಂತ್ರ ತಪ್ಪದೆ ಹಿಡಿಯುತ್ತದೆ.

ಕಾನೂನು ನನ್ನ ಪರವಾಗಿ ಧಾರಾಳವಾಗಿದೆ. 1930ರ ಸರಕು ಮಾರಾಟ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮಾರುವವನಿಗೆ ಮಾರುವ ಹಕ್ಕಿರಬೇಕು. 27ನೆಯದರ ಪ್ರಕಾರ ಅವನಿಗೇ ಇಲ್ಲದ ಹಕ್ಕು ನನಗೂ ಬರುವುದಿಲ್ಲ. ಅಂದರೆ ಫೋನು ಮಾಲೀಕನಿಗೆ ಹೋಗಬೇಕು. ಹೋಗಲಿ, ನ್ಯಾಯ ಅದು. ನನ್ನ ದುಡ್ಡು ಅಂಗಡಿಯವನು ಕೊಡಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ವಸ್ತುವಿನ ಪರೀಕ್ಷೆ ಬೇಡದ ದೂರನ್ನು ಆದಷ್ಟೂ 3 ತಿಂಗಳಲ್ಲಿ ಮುಗಿಸಬೇಕು ಅಂತ 2019ರ ಗ್ರಾಹಕ ರಕ್ಷಣಾ ಕಾಯ್ದೆ ಹೇಳುತ್ತದೆ. ಆಯೋಗದ ಕಾರಿಡಾರಿನಲ್ಲಿ ಇದನ್ನು ಹೇಳಿದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ನಕ್ಕು, ತಮ್ಮ ಫ್ರಿಜ್ಜಿನ ಕೇಸಿನ ಫೈಲು ತೋರಿಸಿದರು. ಕಟ್ಟಿದ ದಾರ ಲಡ್ಡಾಗಿ ಅವರೇ ಎರಡು ಸಲ ಬದಲಾಯಿಸಿದ್ದರಂತೆ.

ಅಂಗಡಿಯವನೇನೋ ಸಜ್ಜನ. 'ನಮಗೂ ಮೇಲಿಂದ ಬಂದಿದ್ದು ಸರ್' ಅಂದ. ಎಲ್ಲರಿಗೂ ಮೇಲಿಂದಲೇ ಬರುತ್ತದೆ, ಮಳೆ ಬಂದ ಹಾಗೆ. ಆರು ತಿಂಗಳ ವಾರಂಟಿ ಇದೆಯಲ್ಲಪ್ಪ ಅಂದೆ. 'ಡಿಸ್ಪ್ಲೇಗೆ ಇದೆ. ಪೊಲೀಸ್‌ಗೆ ಇಲ್ಲ.'

ಹಳೇ ಫೋನು ಮಾರುವವರು ಮಾರುವ ಮೊದಲು ಐಎಂಇಐ ತಾಳೆ ನೋಡಲೇಬೇಕು ಅಂತ 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಇದನ್ನು ಹೇಳಿದ್ದಕ್ಕೆ 'ನೋಡಿದ್ವಲ್ಲ ಸರ್, ನೀವೂ ನೋಡಿದ್ರಲ್ಲ' ಅಂದ. ನಿಜ, ನೋಡಿದ್ದೆ. ಆಮೇಲೆ ದೂರಸಂಪರ್ಕ ಇಲಾಖೆಯವರು ತಮ್ಮ ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನಿಗೂ ತುಂಬಿಸುತ್ತೇವೆ ಅಂತ ನವೆಂಬರ್ ಕೊನೆಗೆ ಹೊರಟು, ಡಿಸೆಂಬರ್ 3ಕ್ಕೆ ಕೈಬಿಟ್ಟರಲ್ಲ, ಆ ಗಲಾಟೆಯಲ್ಲಿ ಇಲಾಖೆಯ ಪ್ರಕಟಣೆಯ ಒಂದು ಸಾಲನ್ನು ಯಾರೂ ಗಮನಿಸಲಿಲ್ಲ. ಕದ್ದ ಫೋನು ಕೊಂಡವನು ಅಪರಾಧಕ್ಕೆ ನೆರವಾದವನಾಗುತ್ತಾನೆ ಅನ್ನುವ ಅರ್ಥದ ಸಾಲು. ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಬೇರೆಯದೇ ಹೇಳುತ್ತದೆ. ಕದ್ದದ್ದು ಅಂತ ಗೊತ್ತಿರಬೇಕು, ಇಲ್ಲಾ ಹಾಗೆ ನಂಬಲು ಕಾರಣ ಇರಬೇಕು, ಆಗ ಮಾತ್ರ ತಪ್ಪು. ನನಗೆ ಗೊತ್ತಿರಲಿಲ್ಲ. ಸರ್ಕಾರದ ಎಸ್ಸೆಮ್ಮೆಸ್ಸಿಗೂ ಗೊತ್ತಿರಲಿಲ್ಲ. ನೆರವಾದವರ ಪಟ್ಟಿಯಲ್ಲಿ ಅದರ ಹೆಸರೂ ಸೇರಿಸಿ ಮತ್ತೆ.

ಕೊರಿಯರ್ ನಂಬದೆ ನಾನೇ ಬಸ್ಸಲ್ಲಿ ಹೋಗಿ ಕೊಟ್ಟು ಬಂದೆ. ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ನನ್ನ ಆಧಾರ್ ಜೆರಾಕ್ಸ್ ಇಸ್ಕೊಂಡರು, ಅಪ್ಪನ ಹೆಸರು ಕೇಳಿದರು, ಸಹಿ ಹಾಕಿಸಿಕೊಂಡರು. ಎಲ್ಲಿ ಕೊಂಡಿರಿ ಅಂತ ಕೇಳಲಿಲ್ಲ. ಎಸ್ಟಿಮೇಟ್ ಚೀಟಿ ನಾನಾಗೇ ಮುಂದಿಟ್ಟೆ. ರೈಟರ್ ಅದನ್ನು ಬೆರಳ ತುದಿಯಲ್ಲಿ ನನ್ನ ಕಡೆಗೇ ತಳ್ಳಿದರು. 'ಇದು ಬೇಡ ಸರ್, ಫೋನ್ ಸಿಕ್ತಲ್ಲ.' ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಕದ್ದವನು ಯಾರು, ಇನ್ನೂ ಎಷ್ಟು ಫೋನು ಆ ಕೌಂಟರಿನಲ್ಲಿವೆ, ಅವನ್ನು ಯಾವ ಬಡಪಾಯಿ ಕೊಳ್ಳುತ್ತಾನೆ, ಇದ್ಯಾವುದೂ ಯಾರಿಗೂ ಬೇಕಿಲ್ಲ. ಟೇಬಲ್ ತುಂಬಬೇಕು, ಅಷ್ಟೇ. ಥೂ.

ಮೊನ್ನೆ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. ಮಾಲೀಕ. ಠಾಣೆಯಲ್ಲಿ ನನ್ನ ನಂಬರ್ ಕೊಟ್ಟರಂತೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನ ದನಿ, ತುಂಬಾ ಸಂಕೋಚ.

'ಅಂಕಲ್, ತಪ್ಪು ತಿಳ್ಕೋಬೇಡಿ. ಬಸ್ಸಲ್ಲಿ ಜೇಬಿಗೇ ಕೈ ಹಾಕಿ ಎತ್ತಿದ್ರು. ಕಳ್ಳತನ ಅಂತ ಬರ್ಕೊಳ್ಳಿ ಅಂದೆ. ಎಫ್‌ಐಆರ್ ಎಲ್ಲ ಯಾಕಪ್ಪಾ, ಕಳೆದುಹೋಯ್ತು ಅಂತ ಕೊಡು ಅಂದ್ರು. ಅದಕ್ಕೂ ಒಂದು ತಿಂಗಳು ನಾಳೆ ಬಾ, ನಾಡಿದ್ದು ಬಾ ಅಂತ ಅಲೆಸಿದ್ರು.'

ಆ ಒಂದು ತಿಂಗಳಲ್ಲೇ ನಾನು ಕೊಂಡದ್ದು. ಅವನ ಜೇಬಿನಿಂದ ಹೋಗುವಾಗ ಅದು ಕಳೆದ ಫೋನು. ನನ್ನ ಜೇಬಿಗೆ ಬಂದ ಮೇಲೆ ಕಳುವಿನ ಮಾಲು.

'ಪಾಪ ಕಣಪ್ಪ. ಈಗೇನು ಹೇಳು.'

'ಪ್ಯಾಟರ್ನ್ ಲಾಕ್ ಏನು ಹಾಕಿದ್ರಿ ಅಂಕಲ್? ಓಪನ್ನೇ ಆಗ್ತಿಲ್ಲ.'

ಇಂಗ್ಲಿಷಿನ ಎಲ್ ಅಕ್ಷರ ಅಂತ ಹೇಳಿದೆ. ಕವರು ಇಟ್ಕೋ ಅಂದೆ.