ಬಾಗಿಲ ಹೊರಗಿನ ನಕ್ಷತ್ರ

ಮನೆಗೆ ತರುವ ದೀಪಗಳಲ್ಲಿ ಮನೆಯವರಿಗೆ ಕಿಂಚಿತ್ತೂ ಉಪಯೋಗವಿಲ್ಲದ್ದು ಯಾವುದಾದರೂ ಇದ್ದರೆ ಅದು ಕ್ರಿಸ್‌ಮಸ್ ನಕ್ಷತ್ರ. ಅದರ ಬೆಳಕಿನಲ್ಲಿ ಪತ್ರಿಕೆ ಓದಲಾಗದು, ಅಕ್ಕಿ ಆರಿಸಲಾಗದು, ಬಿದ್ದುಹೋದ ಕೀಲಿಕೈ ಹುಡುಕಲಾಗದು. ಒಳಗೆ ಕುಳಿತವರಿಗೆ ಅದು ಕಾಣುವುದೂ ಇಲ್ಲ. ನೋಡಲೇಬೇಕೆಂದರೆ ಬೀದರಿನ ಡಿಸೆಂಬರ್ ಚಳಿಯಲ್ಲಿ ಚಪ್ಪಲಿ ಮೆಟ್ಟಿ, ಅಂಗಳ ದಾಟಿ ರಸ್ತೆಗೆ ಇಳಿಯಬೇಕು. ನಮ್ಮ ಊರಿನ ಚಳಿ ಸಾಮಾನ್ಯದ್ದಲ್ಲ; ಪಾದರಸ ಹತ್ತು ಡಿಗ್ರಿಗಿಂತ ಕೆಳಗಿಳಿದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಕರೆಂಟ್ ಬಿಲ್ ನಮ್ಮದು, ಬೆಳಕು ದಾರಿಹೋಕರದು. ನಮ್ಮ ತಂದೆ ಹಾಲಿನವನ ಲೆಕ್ಕದಲ್ಲಿ ಎಂಟಾಣೆ ಹೆಚ್ಚುಕಡಿಮೆಯಾದರೂ ಸಹಿಸದ ಮನುಷ್ಯ. ಅಂಥವರು ಪ್ರತಿ ವರ್ಷ ಈ ನಷ್ಟದ ವ್ಯವಹಾರಕ್ಕೆ ಮಾತ್ರ ತಾವೇ ಮುಂದಾಗಿ ಏಣಿ ಹತ್ತುತ್ತಿದ್ದರು.

ಆಗ ನಕ್ಷತ್ರವನ್ನು ಯಾರೂ ಕೊಳ್ಳುತ್ತಿರಲಿಲ್ಲ, ಕಟ್ಟುತ್ತಿದ್ದರು. ಬಿದಿರಿನ ತೆಳ್ಳನೆಯ ಸೀಳುಗಳಿಂದ ಐದು ಮೂಲೆಯ ಎರಡು ಚೌಕಟ್ಟು ಮಾಡಿ, ತುದಿಗಳನ್ನು ಒಂದಕ್ಕೊಂದು ಬಿಗಿದು, ಒಳಮೂಲೆಗಳಲ್ಲಿ ಗೇಣುದ್ದದ ಕಡ್ಡಿ ಸಿಕ್ಕಿಸಿದರೆ ನಕ್ಷತ್ರಕ್ಕೆ ಹೊಟ್ಟೆ ಬರುತ್ತದೆ. ಆ ಹೊಟ್ಟೆಯೊಳಗೆ ಬಲ್ಬು. ಕಾಗದಕ್ಕೆ ಊರ ನಡುವಿನ ಚೌಬಾರ ಗೋಪುರದ ಕಡೆಗೆ ಹೋಗಬೇಕು. ಸಂಕ್ರಾಂತಿಗೆ ಹೈದರಾಬಾದಿನಂತೆ ಇಲ್ಲಿಯೂ ಪತಂಗ ಹಾರಿಸುವುದರಿಂದ ಡಿಸೆಂಬರಿನಲ್ಲೇ ಪತಂಗದ ಅಂಗಡಿಗಳು ಬಾಗಿಲು ತೆರೆದಿರುತ್ತವೆ. ಅಲ್ಲಿನ ಚಾಚಾ ನಮ್ಮನ್ನು ಕಂಡ ಕೂಡಲೇ ಕೆಂಪು, ಹಳದಿ ಹಾಳೆಗಳನ್ನು ಬೇರೆ ತೆಗೆದಿಡುತ್ತಿದ್ದರು. "ಹಸಿರು ಹಚ್ಚಬೇಡಿ, ಒಳಗಿನ ಬೆಳಕನ್ನು ನುಂಗಿಬಿಡುತ್ತದೆ" ಎಂಬ ಸಲಹೆ ಪುಕ್ಕಟೆ. ಮೈದಾ ಕುದಿಸಿದ ಅಂಟನ್ನು ಅಮ್ಮ ಮಾಡಿಕೊಡುತ್ತಿದ್ದಳು. ಅದರಲ್ಲಿ ಅರ್ಧ ಕಾಗದಕ್ಕೆ, ಇನ್ನರ್ಧ ನಮ್ಮ ತಲೆಗೂದಲಿಗೆ. ಮರುದಿನ ಜಿರಲೆಗಳು ಒಂದೆರಡು ಮೂಲೆಗಳ ರುಚಿ ನೋಡಿರುತ್ತಿದ್ದವು. ಅವುಗಳಿಗೂ ಹಬ್ಬ ತಾನೆ ಎಂದು ತಂದೆ ತೇಪೆ ಹಚ್ಚುತ್ತಿದ್ದರು.

ಕಾಗದದ ನಕ್ಷತ್ರದ ಹುಟ್ಟಿನ ಕಥೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಜರ್ಮನಿಯದು. ಅಲ್ಲಿನ ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಶಾಲೆಯಲ್ಲಿ 1830ರ ದಶಕದಲ್ಲಿ ಹುಡುಗರಿಗೆ ರೇಖಾಗಣಿತ ಕಲಿಸಲು ಹಲವು ಮೊನೆಗಳ ಕಾಗದದ ನಕ್ಷತ್ರ ಮಾಡಿಸಿದರಂತೆ. ಮುಂದೆ ಅದೇ ಮನೆಮನೆಯ ಹಬ್ಬದ ದೀಪವಾಯಿತು. ರೇಖಾಗಣಿತದಿಂದ ಯಾರಿಗಾದರೂ ಸಂತೋಷ ಸಿಕ್ಕಿದ್ದಕ್ಕೆ ನನಗೆ ಗೊತ್ತಿರುವ ಏಕೈಕ ಪುರಾವೆ ಇದು.

ಮೂಲದ ನಕ್ಷತ್ರಕ್ಕೆ ಬಂದರೆ, ಅದರ ಸುದ್ದಿ ಇರುವುದು ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಮಾತ್ರ. ಮೂಡಣ ದೇಶದ ಜೋಯಿಸರು ಅದನ್ನು ಕಂಡು ಹೊರಟರು. ಮೂವರೆಂದು ನಾವು ನಾಟಕದಲ್ಲಿ ಮೂರು ಹುಡುಗರಿಗೆ ಕಿರೀಟ ತೊಡಿಸುತ್ತೇವೆ; ಮತ್ತಾಯನು ಎಣಿಸಿದ್ದು ಚಿನ್ನ, ಧೂಪ, ರಕ್ತಬೋಳ ಎಂಬ ಕಾಣಿಕೆಗಳನ್ನೇ ಹೊರತು ತಂದವರನ್ನಲ್ಲ. ಅವರು ಬೇರೆ ದೇಶದವರು, ಬೇರೆ ಪೂಜೆಯವರು, ಕೂಸು ಯೇಸುವಿನ ನೆಂಟರೂ ಅಲ್ಲ, ಕುಲದವರೂ ಅಲ್ಲ. ರಾಜನ ಮಗ ಅರಮನೆಯಲ್ಲೇ ಹುಟ್ಟಿರಬೇಕೆಂದು ನೇರವಾಗಿ ಅರಸ ಹೆರೋದನ ಬಾಗಿಲಿಗೆ ಹೋದರು. ಅಲ್ಲಿಯ ಪಂಡಿತರು ಗ್ರಂಥ ತಿರುವಿ, ಅವನು ಹುಟ್ಟಬೇಕಾದದ್ದು ಬೆತ್ಲೆಹೇಮಿನಲ್ಲಿ ಎಂದು ಸರಿಯಾದ ಉತ್ತರವನ್ನೇ ಕೊಟ್ಟರು. ಯೆರೂಸಲೇಮಿನಿಂದ ಬೆತ್ಲೆಹೇಮಿಗೆ ಹತ್ತು ಕಿಲೋಮೀಟರಿನ ಆಸುಪಾಸು. ಉತ್ತರ ಗೊತ್ತಿದ್ದವರು ಹೋದ ಸುದ್ದಿ ಸುವಾರ್ತೆಯಲ್ಲಿ ಇಲ್ಲ. ಕೇಳಿ ತಿಳಿದುಕೊಂಡವರು ಹೋದರು, ನಕ್ಷತ್ರವನ್ನು ಮತ್ತೆ ಕಂಡು ಬಹಳವಾಗಿ ಹಿಗ್ಗಿದರು. ಹುಟ್ಟಿನಿಂದಲೇ ಚರ್ಚಿಗೆ ಹೋಗುತ್ತಿರುವ ನನ್ನಂಥವರಿಗೆ ಈ ಪ್ರಸಂಗ ಪ್ರತಿ ವರ್ಷವೂ ಒಂದಿಷ್ಟು ಇರುಸುಮುರುಸು ಮಾಡುತ್ತದೆ. ನಾವು ಉತ್ತರ ಗೊತ್ತಿದ್ದವರ ಬೆಂಚಿನವರು.

2020ರ ಡಿಸೆಂಬರ್ 21ರಂದು ಗುರು, ಶನಿ ಗ್ರಹಗಳು ಆಕಾಶದಲ್ಲಿ ಒಂದಕ್ಕೊಂದು ಅಂಟಿದಂತೆ ಕಂಡಾಗ ಎಲ್ಲರೂ ಅದನ್ನೇ ಕ್ರಿಸ್‌ಮಸ್ ನಕ್ಷತ್ರ ಎಂದರು. 1623ರ ನಂತರ ಅವು ಅಷ್ಟು ಹತ್ತಿರ ಬಂದಿರಲಿಲ್ಲ. ಕೊರೊನಾದ ವರ್ಷ. ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲವಾದ್ದರಿಂದ ಓಣಿಯವರೆಲ್ಲ ಸಂಜೆ ತಮ್ಮ ತಮ್ಮ ಮಾಳಿಗೆ ಹತ್ತಿ ನೈಋತ್ಯಕ್ಕೆ ಮುಖ ಮಾಡಿ ನಿಂತಿದ್ದರು. ಜೋಯಿಸರು ಕಂಡದ್ದೂ ಇಂಥದ್ದೇ ಇರಬಹುದೇ ಎಂದು ಖಗೋಳ ಬಲ್ಲವರು ಹದಿನೇಳನೇ ಶತಮಾನದ ಖಗೋಳಜ್ಞ ಕೆಪ್ಲರನ ಕಾಲದಿಂದಲೂ ಲೆಕ್ಕ ಹಾಕುತ್ತಿದ್ದಾರೆ. ಲೆಕ್ಕ ಅವರು ಹಾಕಲಿ. ಆ ಸಂಜೆ ಒಂದೂ ಮಾಳಿಗೆ ಖಾಲಿ ಇರಲಿಲ್ಲ ಎಂಬುದು ನನಗೆ ಸಾಕು.

ನಕ್ಷತ್ರವಿಲ್ಲದ ಇನ್ನೊಂದು ಕಥೆ ಇನ್ನೊಬ್ಬ ಸುವಾರ್ತೆಕಾರ ಲೂಕನದು. ಅವನು ಆರಂಭಿಸುವುದು ರೋಮಿನ ದೊರೆ ಔಗುಸ್ತ ಕೈಸರನ ಖಾನೇಷುಮಾರಿಯಿಂದ, ಎಂದರೆ ಜನಗಣತಿಯಿಂದ, ಅಂದರೆ ಅಪ್ಪಟ ಸರ್ಕಾರಿ ಕೆಲಸದಿಂದ. ಛತ್ರದಲ್ಲಿ ಸ್ಥಳವಿಲ್ಲದೆ ಕೂಸನ್ನು ಗೋದಲಿಯಲ್ಲಿ ಮಲಗಿಸಿದ ಆ ರಾತ್ರಿ ದೂತನು ಹೋದದ್ದು ಹೊಲದಲ್ಲಿ ಕುರಿ ಕಾಯುತ್ತಿದ್ದವರ ಹತ್ತಿರ. ಎಲ್ಲಾ ಜನಕ್ಕೆ ಮಹಾ ಸಂತೋಷ ತರುವ ಸುದ್ದಿ ಎಂದು ಅವನು ಹೇಳಿದ. ಎಲ್ಲಾ ಜನಕ್ಕೆ ಹೇಳಬೇಕಾದದ್ದನ್ನು ಕೈಸರನಿಗೆ ತಿಳಿಸಿದ್ದರೆ ಊರೂರಿಗೆ ಡಂಗುರ ಸಾರಿಸುತ್ತಿದ್ದ. ಆದರೆ ಕುರುಬರಿಗೆ ಹೇಳಲಾಯಿತು. ನಮ್ಮ ಕಡೆಯವರಿಗೆ ಇದು ದೂರದ ಚಿತ್ರವೇ ಅಲ್ಲ. ತೊಗರಿ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸುವುದನ್ನು ಶಹಾಪುರ, ಸುರಪುರದ ದಾರಿಯಲ್ಲಿ ಬಸ್ಸಿನಿಂದಲೇ ನೋಡಬಹುದು: ಬಲೆಯ ಆವರಣ, ಹೊರಗೆ ನಾಯಿ, ಕಂಬಳಿ ಹೊದ್ದು ಕುಳಿತ ಮನುಷ್ಯ. ಚರ್ಚಿನ ನಾಟಕಕ್ಕೆ ಕಂಬಳಿ ಹುಡುಕುವ ಕಷ್ಟ ನಮಗೆ ಎಂದೂ ಬಂದಿಲ್ಲ. ಆಡಿನ ಮರಿ ಸಿಕ್ಕರೆ ಅದೂ ವೇದಿಕೆ ಏರುತ್ತದೆ. ಏರಿದ ಮೇಲೆ ಅದು ಮಾಡುವ ಕೆಲಸವನ್ನು ಲೂಕನು ಬರೆದಿಲ್ಲ.

ನನ್ನ ಅಕ್ಕನನ್ನು ಕೊಟ್ಟದ್ದು ಕಲಬುರಗಿಯ ಕ್ಯಾಥೊಲಿಕ್ ಮನೆಗೆ. ಮೆಥಡಿಸ್ಟರಾದ ನಮ್ಮಲ್ಲಿ ನಕ್ಷತ್ರಕ್ಕೆ ಎಷ್ಟು ಮರ್ಯಾದೆಯೋ ಅವರಲ್ಲಿ ಗೋದಲಿಗೆ ಅಷ್ಟು. ಜೋಳದ ಕಣಿಕೆಯ ಗುಡಿಸಲು, ತಟ್ಟೆಯಲ್ಲಿ ಮೊಳೆಯಿಸಿದ ಗೋಧಿಯ ಹುಲ್ಲು, ಕನ್ನಡಿಯ ಚೂರಿನ ಕೆರೆ. ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು, ಕತ್ತೆಗಳನ್ನೇ ನಿಲ್ಲಿಸಿ ಗೋದಲಿ ಮಾಡಿದ್ದನೆಂದು ಭಾವ ಪ್ರತಿ ವರ್ಷ ಹೇಳುತ್ತಾರೆ. ನಾವು ಪ್ರತಿ ವರ್ಷ ಮೊದಲ ಸಲ ಕೇಳಿದವರಂತೆ ಹೌದೇ ಎನ್ನುತ್ತೇವೆ. ಆದರೆ ಗೋದಲಿ ನೋಡಲು ಮನೆಯೊಳಗೆ ಬರಬೇಕು. ಯಾರಾದರೂ ಕರೆಯಬೇಕು, ಚಪ್ಪಲಿ ಬಿಡಬೇಕು, ಕೊಟ್ಟ ಕೇಕ್ ತಿನ್ನಬೇಕು. ನಕ್ಷತ್ರಕ್ಕೆ ಇದಾವುದೂ ಇಲ್ಲ. ಎರಡನೇ ಆಟದ ಸಿನಿಮಾ ಮುಗಿಸಿ ಬರುವವನಿಗೂ, ಆಸ್ಪತ್ರೆಗೆ ಬುತ್ತಿ ಒಯ್ಯುವವಳಿಗೂ, ನಮ್ಮ ಮೇಲೆ ಮುನಿಸಿಕೊಂಡು ಮಾತು ಬಿಟ್ಟ ಎದುರುಮನೆಯವರಿಗೂ ಅದು ಕಾಣುತ್ತದೆ. ಈ ಮಾತನ್ನು ಒಮ್ಮೆ ಹೇಳಿದ್ದಕ್ಕೆ ಭಾವ ಅರ್ಧ ದಿನ ನನ್ನೊಡನೆ ಮಾತಾಡಲಿಲ್ಲ.

ಡಿಸೆಂಬರ್ ರಾತ್ರಿಗಳಲ್ಲಿ ಮನೆಮನೆಗೆ ಹಾಡುತ್ತಾ ಹೋಗುವ ಕ್ಯಾರಲ್ ತಂಡಕ್ಕೂ ನಕ್ಷತ್ರವೇ ಗುರುತು. ಢೋಲಕ್, ತಾಳ, ಮಂಕಿ ಕ್ಯಾಪ್, ಕೆಮ್ಮು ಇವಿಷ್ಟು ತಂಡದ ಸಾಮಗ್ರಿ. ಹಾಡುವುದು ಕನ್ನಡದಲ್ಲಿ, ಮನೆಯವರನ್ನು ನೋಡಿಕೊಂಡು ತೆಲುಗು, ಉರ್ದುವಿಗೂ ಹೊರಳುತ್ತೇವೆ. ಮಂಗಲಪೇಟೆಯಲ್ಲಾದರೆ ಯಾರ ಮನೆ ಯಾವುದೆಂದು ಎಲ್ಲರಿಗೂ ಗೊತ್ತು. ಹೊಸ ಬಡಾವಣೆಗಳಲ್ಲಿ ಗೊತ್ತಾಗುವುದಿಲ್ಲವಾದ್ದರಿಂದ "ನಕ್ಷತ್ರ ಇದ್ದಲ್ಲಿ ಹಾಡು" ಎಂಬುದು ತಂಡದ ಹಿರಿಯರು ಮಾಡಿದ ಕಾನೂನು. ಹಾಗೆ ಒಂದು ಮನೆಯ ಅಂಗಳದಲ್ಲಿ ಜೋರಾಗಿ ಶುರು ಮಾಡಿದೆವು. ಬಾಗಿಲು ತೆರೆಯಿತು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಒಳಗಿನ ಗೋಡೆಯ ಮೇಲೆ ಬಸವಣ್ಣನವರ ಪಟ ಕಾಣಿಸಿತು. ಢೋಲಕಿನವನ ಕೈ ಸ್ವಲ್ಪ ತಡವರಿಸಿತು. ಶಾಲೆಯಲ್ಲಿ ಮಾಡಿದ್ದೆಂದು ಮೊಮ್ಮಗಳು ಹಟ ಹಿಡಿದು ತೂಗುಹಾಕಿಸಿದ ನಕ್ಷತ್ರ ಅದು. ದೀಪಾವಳಿಯ ಆಕಾಶಬುಟ್ಟಿ ಇಳಿಸಿದ ಮೊಳೆ ಹೇಗೂ ಖಾಲಿ ಇತ್ತಂತೆ.

ಅಜ್ಜಿ ಹೊರಗೆ ಬಂದು, "ಯಾಕೆ ನಿಲ್ಲಿಸಿದಿರಿ ತಮ್ಮಾ? ಪೂರ್ತಿ ಹಾಡಿರಿ" ಎಂದರು.

ಪೂರ್ತಿ ಹಾಡಿದೆವು. ಕುಳಿತುಕೊಳ್ಳಲು ಚಾಪೆ ಬಂತು, ಚಹಾ ಬಂತು, ತಟ್ಟೆ ತುಂಬ ಶೇಂಗಾ ಹೋಳಿಗೆ ಬಂತು. ಪದ್ಧತಿಯಂತೆ ಪಾಸ್ಟರ್ ಮನೆಗಾಗಿ ಪ್ರಾರ್ಥನೆ ಮಾಡಬೇಕು. ಇಲ್ಲಿ ಮಾಡುವುದೋ ಬೇಡವೋ ಎಂದು ಅವರು ಮೀಸೆ ಸವರುತ್ತಾ ಕುಳಿತಿದ್ದರು. ಅಜ್ಜಿಯೇ ದಾರಿ ತೋರಿಸಿದರು. "ನನ್ನ ಮೊಣಕಾಲಿಗೆ ಏನಾದರೂ ಹೇಳಿರಿ ಅಪ್ಪಾ, ಎಳ್ಳ ಅಮಾವಾಸ್ಯೆಗೆ ಹೊಲದವರೆಗೆ ನಡೆಯಬೇಕು." ಪಾಸ್ಟರ್ ಕಣ್ಣು ಮುಚ್ಚಿ ಮೊಣಕಾಲಿಗೂ ಹೊಲಕ್ಕೂ ಸೇರಿಸಿ ಪ್ರಾರ್ಥಿಸಿದರು. ಹೊರಡುವಾಗ ಅಜ್ಜಿ ನಮ್ಮೆಲ್ಲರನ್ನೂ ಹೊಲದ ಊಟಕ್ಕೆ ಕರೆದರು. ನಾವು ಹೋದೆವು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಇರುವ ಹೊಲಕ್ಕೆ ಕರೆದರೆ ಹೋಗದಿರುವುದು ನಮ್ಮ ಜಿಲ್ಲೆಯಲ್ಲಿ ಪಾಪಗಳ ಪೈಕಿ ದೊಡ್ಡದು. ಮೊಣಕಾಲಿನ ವಿಷಯ ನಾನು ಕೇಳಲಿಲ್ಲ, ಆದರೆ ಅಜ್ಜಿ ನಮಗಿಂತ ಮೊದಲೇ ಹೊಲದಲ್ಲಿದ್ದರು.

ಈಗಿನ ನಕ್ಷತ್ರಗಳ ಬಗ್ಗೆ ನನ್ನದೊಂದು ತಕರಾರಿದೆ. ಹೈದರಾಬಾದಿನ ಬೇಗಂ ಬಜಾರಿನಿಂದ ಬರುವ ಇವು ಮಡಚಿದರೆ ಫೈಲಿನಷ್ಟಾಗುತ್ತವೆ, ಬಿಡಿಸಿದರೆ ಬಾಗಿಲಿಗಿಂತ ದೊಡ್ಡದಾಗುತ್ತವೆ. ಅದರ ಮೇಲೆ ಓಡುವ, ಮಿಟುಕುವ, ಬಣ್ಣ ಬದಲಿಸುವ ಎಲ್‌ಇಡಿ ಸರಗಳು. ಜೋಯಿಸರು ಇಂಥದ್ದನ್ನು ಕಂಡಿದ್ದರೆ ಜಾತ್ರೆ ಇರಬೇಕೆಂದುಕೊಂಡು ಹಿಂದಿರುಗುತ್ತಿದ್ದರು. ನಮ್ಮವರಲ್ಲೇ ಈಗ ಯಾರದು ದೊಡ್ಡದು ಎಂಬ ಪೈಪೋಟಿ ಬೇರೆ. ಒಬ್ಬರ ನಕ್ಷತ್ರದ ಒಂದು ಮೂಲೆ ಪಕ್ಕದ ಮನೆಯ ಗಡಿ ದಾಟಿ, ಅವರು ಅಳತೆ ಪಟ್ಟಿ ತಂದ ಪ್ರಸಂಗವೂ ನಡೆದಿದೆ. ಜನವರಿ 6ಕ್ಕೆ, ಜೋಯಿಸರು ಬಂದು ಮುಟ್ಟಿದ ಹಬ್ಬದ ದಿನಕ್ಕೆ, ಇಳಿಸಬೇಕೆಂಬುದು ಹಳೆಯವರ ಮಾತು. ಏಣಿ ತರುವ ಬೇಸರಕ್ಕೆ ಶಿವರಾತ್ರಿಯವರೆಗೂ ತೂಗುವ ನಕ್ಷತ್ರಗಳನ್ನು ನಾನು ಬಲ್ಲೆ.

ಕಳೆದ ವರ್ಷ ನಮ್ಮ ಮನೆಯ ಹಿಂಬದಿಯ ಖಾಲಿ ಜಾಗದಲ್ಲಿ ನಾಲ್ಕು ಮನೆಗಳು ಎದ್ದವು. ಅದರಲ್ಲೊಂದು ಮನೆಯ ಆಯಿ ಮೊನ್ನೆ ಕೊತ್ತಂಬರಿ ಕೇಳಲು ಬಂದವರು, "ನಿಮ್ಮ ದೀಪ ಆ ಕಡೆಯ ಜನಕ್ಕೆ ಮಾತ್ರವೋ? ನಮಗೆ ಗೋಡೆಯಷ್ಟೇ ಕಾಣುತ್ತದೆ" ಎಂದು ನಗುತ್ತಲೇ ಕೇಳಿ ಹೋದರು. ಹೆಂಡತಿ ಅಂದಿನಿಂದ ಹಿತ್ತಿಲಿಗೂ ಒಂದು ನಕ್ಷತ್ರ ಬೇಕೆನ್ನುತ್ತಿದ್ದಾಳೆ. ಹಿತ್ತಿಲಿಗೆ ವೈರ್ ಎಳೆಯಬೇಕು, ಅಡುಗೆಮನೆಯ ಸ್ವಿಚ್ಚಿನಿಂದ ತೆಗೆದುಕೊಂಡರೆ ಮಿಕ್ಸರ್ ಹಚ್ಚಿದಾಗ ಫ್ಯೂಸ್ ಹೋಗುತ್ತದೆ, ಅಲ್ಲಿ ಮೊಳೆಯೂ ಇಲ್ಲ ಎಂದೆಲ್ಲ ನಾನು ಹೇಳಿ ನೋಡಿದೆ. ಮಗ ಆಗಲೇ ಬಿದಿರು ಸೀಳುತ್ತಿದ್ದಾನೆ. ಹಸಿರು ಕಾಗದ ತರಬೇಡ ಎಂದಷ್ಟೇ ಹೇಳಿ ಕಳುಹಿಸಿದ್ದೇನೆ.